ಅಪ್ಪನ ಜಾಗಕ್ಕಾಗಿ ನಡೆದ ಚುನಾವಣೆ

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆಗೆದರೆ ಸುಟ್ಟ ವಾಸನೆ ಒಳಗೆ ಬಂತು. ಹಾಲಿಟ್ಟು ಮರೆತೆನೇನೋ ಎಂದು ಮೊದಲು ಒಲೆ ನೋಡಿದೆ. ಒಲೆ ಹಚ್ಚಿಯೇ ಇರಲಿಲ್ಲ. ಹೊರಗೆ ನೋಡಿದರೆ ಎದುರಿನ ಬ್ಲಾಕಿನ ಮೇಲಿನ ಮಹಡಿಗಳು ಕಾಣುತ್ತಿರಲಿಲ್ಲ. ಸಮುದ್ರದಾಚೆ ಎಲ್ಲೋ ಕಾಡಿಗೆ ಬೆಂಕಿ ಬಿದ್ದು, ಗಾಳಿ ಈ ಕಡೆ ತಿರುಗಿದರೆ ಸಿಂಗಪುರಕ್ಕೆ ಹೀಗೆ ಹೊಗೆ ಕವಿಯುತ್ತದೆ. ಇಲ್ಲಿಯವರು ಹೇಜ್ ಅನ್ನುತ್ತಾರೆ. ಬಿದಿರು ಗಳಕ್ಕೆ ಹಾಕಿದ್ದ ಬಟ್ಟೆಗಳನ್ನು ಒಳಗೆಳೆದುಕೊಂಡು, ಕಿಟಕಿ ಮುಚ್ಚಿ, ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮಳೆ ಬಂದರೆ ತವರು ನೆನಪಾಗುತ್ತದೆ, ಮಲ್ಲಿಗೆಯ ವಾಸನೆಗೆ ಮದುವೆ ನೆನಪಾಗುತ್ತದೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ನನ್ನ ಹಣೆಬರಹ ನೋಡಿ, ಹೊಗೆಯ ವಾಸನೆ ಬಂದರೆ ನನಗೆ ಆಸ್ಟ್ರೇಲಿಯಾದ ಒಂದು ನಗರಸಭೆಯ ಚುನಾವಣೆ ನೆನಪಾಗುತ್ತದೆ.

ಎರಡು ಸಾವಿರದ ಮೊದಲ ದಶಕದ ನಡುವೆ ಸಿಂಗಪುರದಲ್ಲಿ ಎತ್ತ ತಿರುಗಿದರೂ ಕ್ರೇನು ಕಾಣುತ್ತಿತ್ತು. ನನ್ನ ಗಂಡ ಪ್ರಭು ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿದ್ದರು. ಮಗಳು ನಿಧಿಗೆ ಓ ಲೆವೆಲ್, ಅಂದರೆ ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯ ವರ್ಷ. ನಾವಿದ್ದದ್ದು ಬುಕಿತ್ ಪಂಜಾಂಗಿನ ಇದೇ ಫ್ಲ್ಯಾಟಿನಲ್ಲಿ. ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಮಾತು ಆಸ್ತಿಯ ಕಡೆ ಹೊರಳುತ್ತಿತ್ತು. ಯಾರು ಎಲ್ಲಿ ಫ್ಲ್ಯಾಟ್ ಬುಕ್ ಮಾಡಿದರು, ಯಾರು ಮಾಡದೆ ಕೆಟ್ಟರು, ಇಷ್ಟೇ. ಆ ಮಾತಿನ ನಡುವೆ ಬಿಳಿ ಧೋತರ ಉಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದವರು ನಮ್ಮಪ್ಪ.

ಅಪ್ಪ ಗದಗ ಸೀಮೆಯ ಹತ್ತಿ ಜಿನ್ನಿನಲ್ಲಿ ಫಿಟ್ಟರಾಗಿದ್ದವರು. ಅವ್ವ ತೀರಿಕೊಂಡ ಮೇಲೆ ನಾನೇ ಹಟ ಮಾಡಿ ಕರೆದುಕೊಂಡು ಬಂದಿದ್ದೆ. ಬೆಳಿಗ್ಗೆ ಎದ್ದು ಸ್ನಾನ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ, ಆಮೇಲೆ ಮನೆಯಲ್ಲಿ ಇದ್ದವರ ಹಣೆಗೆಲ್ಲ ಮೂರು ಬೆರಳಿನ ವಿಭೂತಿ. ನಿಧಿ ಸ್ಕೂಲ್ ಬಸ್ಸಿನಲ್ಲಿ ಒರೆಸಿಕೊಳ್ಳುತ್ತಾಳೆ ಎಂದು ಅವರಿಗೂ ಗೊತ್ತು, ಆದರೂ ಹಚ್ಚದೆ ಬಿಡುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಕಿಟಕಿಯ ಬಳಿ ಕೂತು ಎಲ್‌ಆರ್‌ಟಿ ಗಾಡಿ ನೋಡುವುದು. ನಮ್ಮ ಬ್ಲಾಕುಗಳ ಪಕ್ಕ ಹಾದುಹೋಗುವಾಗ ಆ ಪುಟ್ಟ ರೈಲಿನ ಕಿಟಕಿಗಾಜು ತಾನಾಗಿಯೇ ಮಸುಕಾಗುತ್ತದೆ, ಒಳಗಿನವರಿಗೆ ನಮ್ಮ ಮನೆ ಕಾಣಬಾರದೆಂದು. ಅಪ್ಪನಿಗೆ ಅದು ಬಹಳ ಸೇರಿತ್ತು. “ಮಂದಿ ಮನ್ಯಾಗ ಇಣಕಬಾರದು ಅಂತ ಗಾಡಿಗೆ ಸೈತ ಗೊತ್ತೈತಿ ನೋಡ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಅಪ್ಪನ ಮನಸ್ಸಿನಲ್ಲಿ ಒಂದು ಗಾಯ ಇತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತ ಹಾಗೆಯೇ ಕೂರಿಸಿ ಮಣ್ಣು ಕೊಡುತ್ತಾರೆ. ಅವ್ವನನ್ನೂ ಹಾಗೇ ಕೂರಿಸಿದ್ದೆವು. ವರ್ಷದ ಕಾರ್ಯಕ್ಕೆಂದು ಅಪ್ಪ ಊರಿಗೆ ಹೋದಾಗ ರುದ್ರಭೂಮಿಯ ಅರ್ಧಭಾಗ ಬೈಪಾಸ್ ರಸ್ತೆಗೆ ಹೋಗಿತ್ತು. ಗುರುತಿಗೆ ಇದ್ದ ಬೇವಿನ ಗಿಡವೂ ಇರಲಿಲ್ಲ. ಅವ್ವನ ಗದ್ದುಗೆ ಎಲ್ಲಿತ್ತೋ ಅಲ್ಲಿ ಲಾರಿ ಓಡಾಡುತ್ತಿದ್ದವು. ಅಪ್ಪ ರಸ್ತೆಯ ಅಂಚಿಗೆ ನಿಂತು, ಕೈಯಲ್ಲಿದ್ದ ಹೂವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತಿರುಗಿ ಮನೆಗೆ ತಂದರಂತೆ. “ಕುಂತಾಕಿನ್ನ ಎಬ್ಬಿಸಿಬಿಟ್ರವಾ” ಎಂದು ನನಗೆ ಫೋನಿನಲ್ಲಿ ಹೇಳಿದ್ದರು. ಅದಾದ ಮೇಲೆ ಊರಿನ ಸುದ್ದಿ ಎತ್ತಲಿಲ್ಲ, ಅಲ್ಲಿ ಹೂಳಿರಿ ಎಂದೂ ಹೇಳಲಿಲ್ಲ.

ಆ ವರ್ಷದ ಆರಂಭದಲ್ಲಿ ಪರಿಚಯದ ಹಿರಿಯರೊಬ್ಬರು ತೀರಿಕೊಂಡರು. ಚೋವಾ ಚು ಕಾಂಗಿನ ಸ್ಮಶಾನಕ್ಕೆ ನಾವೂ ಹೋಗಿದ್ದೆವು. ಅವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೂಳಿದರು. ಬರುವಾಗ ಟ್ಯಾಕ್ಸಿಯಲ್ಲಿ ನಮ್ಮ ಯಜಮಾನರು ಬಾಯಿ ತಪ್ಪಿ ಹೇಳಿದರು, ಇಲ್ಲಿ ಜಾಗ ಸಾಲದು, ಹದಿನೈದು ವರ್ಷ ಆದ ಮೇಲೆ ಅಸ್ಥಿ ತೆಗೆದು ಬೇರೆ ಕಡೆಗೆ ಸಾಗಿಸುತ್ತಾರೆ ಎಂದು. ಪುಟ್ಟ ದ್ವೀಪ, ಅವರದೂ ತಪ್ಪಲ್ಲ. ಅಪ್ಪ ಮನೆಗೆ ಬಂದು ಕೈಕಾಲು ತೊಳೆದುಕೊಂಡು ನನ್ನನ್ನು ಕರೆದರು.

“ಸುಮಾ, ನನ್ನ ಇಲ್ಲಿ ಇಡಬ್ಯಾಡವಾ. ಒಮ್ಮೆ ಕುಂತ ಮ್ಯಾಲ ಮತ್ತ ಏಳಾಕ ನನ್ನ ಕೈಲೆ ಆಗೂದಿಲ್ಲ.”

ಸಾಯುವ ಮಾತು ಯಾಕೆ ಎಂದು ನಾನು ಗದರಿಸಿದೆ. ಆದರೆ ಆ ಮಾತನ್ನು ಅಣ್ಣನಿಗೆ ಹೇಳದೆ ಇರಲಾಗಲಿಲ್ಲ.

ನನ್ನ ಅಣ್ಣ ಮಲ್ಲಿಕಾರ್ಜುನ ಆಸ್ಟ್ರೇಲಿಯಾದ ದಕ್ಷಿಣ ತುದಿಯ ಒಂದು ಸಣ್ಣ ನಗರದಲ್ಲಿದ್ದಾನೆ. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದ, ಆಮೇಲೆ ತನ್ನದೇ ಡ್ರೈವಿಂಗ್ ಸ್ಕೂಲ್ ಮಾಡಿದ. ಆ ಊರಿನ ಅರ್ಧ ಹುಡುಗರಿಗೆ ಗೇರು ಹಾಕಲು ಕಲಿಸಿದವನು ಅವನೇ. ಅಲ್ಲಿ ಹಿಡಿಯಷ್ಟು ಜನ, ಹರದಾರಿ ಜಾಗ. ಊರ ಹೊರಗೆ ಗುಡ್ಡದ ಮೇಲೆ, ಸಮುದ್ರ ಕಾಣುವ ಹಾಗೆ, ನಗರಸಭೆಯದೇ ಒಂದು ಸ್ಮಶಾನ ಇತ್ತು. ಅದರಲ್ಲಿ ಒಂದು ಮೂಲೆ ನಮ್ಮವರಿಗೆ ಬಿಟ್ಟುಕೊಡಿ, ಪೆಟ್ಟಿಗೆ ಇಲ್ಲದೆ ಕೂರಿಸಿ ಹೂಳಲು ಬಿಡಿ, ಮತ್ತೆ ಅಗೆಯುವುದಿಲ್ಲ ಎಂದು ಬರೆದುಕೊಡಿ ಎಂದು ಅಣ್ಣ ಅರ್ಜಿ ಹಾಕಿದ. ಆಗ ಇದ್ದ ಮೇಯರಮ್ಮ ಅರ್ಜಿಯನ್ನು ಸಭೆಗೂ ತರದೆ ವಾಪಸು ಕಳಿಸಿದಳು. ನಮ್ಮಣ್ಣ ಮೊದಲೇ ಹಟಮಾರಿ. ಚಿಕ್ಕಂದಿನಲ್ಲಿ ಗಾಳಿಪಟ ಹರಿದವನ ಮನೆಯ ಮುಂದೆ ಊಟ ಬಿಟ್ಟು ಕೂತವನು. “ಅಕಿ ತರೂದಿಲ್ಲಂದ್ರ ನಾನs ಒಳಗ ಹೋಗಿ ತರತೀನಿ” ಎಂದು ನಗರಸಭೆಯ ಚುನಾವಣೆಗೆ ನಿಂತೇಬಿಟ್ಟ.

ಮೇಯರ್ ಸ್ಥಾನಕ್ಕೆ ಆ ಹೆಂಗಸಿನ ಎದುರು ನಿಂತವನು ಬೇಕರಿ ಇಟ್ಟುಕೊಂಡಿದ್ದ ಒಬ್ಬ ಗ್ರೀಕ್ ಮೂಲದ ಮುದುಕ. ತಂದೆತಾಯಿಯನ್ನು ಹೇಗೆ ಮಣ್ಣು ಮಾಡಬೇಕೆಂಬುದು ಮಕ್ಕಳಿಗೆ ಬಿಟ್ಟ ವಿಷಯ, ನಾನು ಗೆದ್ದರೆ ಆ ಮೂಲೆ ನಿಮ್ಮದು ಎಂದು ಅವನು ಅಣ್ಣನಿಗೆ ಮಾತು ಕೊಟ್ಟಿದ್ದ. ಇಬ್ಬರೂ ಸೇರಿ ಮನೆಮನೆ ತಿರುಗುತ್ತಿದ್ದರು.

ಒಂದು ಭಾನುವಾರ ಅಣ್ಣ ಫೋನ್ ಮಾಡಿದ. ದನಿಯಲ್ಲಿ ಹುರುಪು.

“ಸುಮಾ, ಇಲ್ಲಿ ಮನಿ ತಗೊಂಡು ತೆರಿಗಿ ಕಟ್ಟಾವರಿಗೂ ವೋಟ್ ಐತಿ. ಅವರು ಎಲ್ಲಿ ಇದ್ರೂ ನಡೀತೈತಿ. ನಿಮ್ಮ ಸಿಂಗಪುರದಾವರು ಅದಾರಲ್ಲ, ಅವರೆಲ್ಲರಿಗೂ ಚೀಟಿ ಟಪಾಲಿನಾಗ ಬರತಾವು.”

ಆಸ್ತಿಯ ಬೆಲೆ ಏರುತ್ತಲೇ ಇದ್ದ ಬೂಮಿನ ಆ ದಿನಗಳಲ್ಲಿ ಅಣ್ಣನ ಮಾತು ಕೇಳಿ ನಾವೂ, ನಮ್ಮ ಪರಿಚಯದ ಕೆಲವು ಮನೆಯವರೂ ಆ ಊರಿನಲ್ಲಿ ಪುಟ್ಟ ಪುಟ್ಟ ಫ್ಲ್ಯಾಟು ತೆಗೆದುಕೊಂಡಿದ್ದೆವು. ವಿದ್ಯಾರ್ಥಿಗಳು ಬಾಡಿಗೆಗೆ ಇದ್ದರು. ನಾವು ಯಾರೂ ಆ ಊರಿನ ಮುಖ ನೋಡಿರಲಿಲ್ಲ. ಅಲ್ಲಿ ಮತದಾನ ಪೂರ್ತಿ ಅಂಚೆಯಲ್ಲೇ, ಅದೂ ಕಡ್ಡಾಯವಲ್ಲ. ಹಾಗಾಗಿ ಬಹಳ ಜನ ಹಾಕುವುದೇ ಇಲ್ಲ, ಹತ್ತಾರು ಮತಗಳಲ್ಲಿ ಸೋಲು ಗೆಲುವು ಆಗಿಬಿಡುತ್ತದೆ ಎಂದ ಅಣ್ಣ.

ನಮ್ಮ ಯಜಮಾನರಿಗೆ ನಗು ತಡೆಯಲಾಗಲಿಲ್ಲ. “ನಾನು ಹುಟ್ಟಿದ ಊರಲ್ಲಿ ನನ್ನ ಹೆಸರು ಪಟ್ಟಿಯಿಂದ ತೆಗೆದುಹಾಕಿದಾರೆ. ಇರೋ ಊರಲ್ಲಿ ನನಗೆ ವೋಟಿಲ್ಲ. ಕಣ್ಣಲ್ಲೂ ನೋಡದ ಊರಿಗೆ ಮೇಯರ್ ಯಾರು ಅಂತ ನಾನು ಹೇಳಬೇಕಂತೆ!” ಎಂದರು. ಅಪ್ಪ ನಗಲಿಲ್ಲ. ಅಳಿಯನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಅಷ್ಟು ಆಸೆಯನ್ನು ನಾನು ಎಂದೂ ನೋಡಿರಲಿಲ್ಲ. ಇವರೂ ನಗು ನಿಲ್ಲಿಸಿದರು.

ಹೊಗೆ ಬಂದದ್ದೂ ಆ ವಾರವೇ. ಮೊದಲು ಬರೀ ವಾಸನೆ, ಆಮೇಲೆ ಸೂರ್ಯ ಕುಂಕುಮದ ಬೊಟ್ಟಿನ ಹಾಗೆ ಕೆಂಪಗೆ ಕಂಡ, ಆಮೇಲೆ ಅದೂ ಕಾಣಲಿಲ್ಲ. ಟೀವಿಯಲ್ಲಿ ಗಾಳಿ ಎಷ್ಟು ಕೆಟ್ಟಿದೆ ಎಂಬ ಅಂಕಿ ಹೇಳುತ್ತಿದ್ದರು. ಅಪ್ಪನಿಗೆ ಕೆಮ್ಮು ಹಿಡಿಯಿತು. ಹತ್ತಿಯ ನಾರು ನುಂಗಿ ನುಂಗಿ ಹಾಳಾದ ಎದೆ, ಹೊಗೆಗೆ ಇನ್ನಷ್ಟು ಕೆಟ್ಟಿತು. ಕಿಟಕಿಯೆಲ್ಲ ಮುಚ್ಚಿ ಫ್ಯಾನಿನ ಕೆಳಗೆ ಕೂರಿಸಿದರೆ, “ಅಲ್ಲಿ ಮಣ್ಣು ಎಂಥಾದ್ದಂತ? ಎರಿನೋ, ಕೆಂಪೋ?” ಎಂದು ಕೇಳುತ್ತಿದ್ದರು. ಅಣ್ಣನಿಗೆ ಕೇಳಿದೆ. ಅಣ್ಣ ಆ ಮೂಲೆಯ ಫೋಟೋ ಕಳಿಸಿದ. ಹುಲ್ಲು, ಒಂದು ಕಲ್ಲುಬೇಲಿ, ಹಿಂದೆ ಸಮುದ್ರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ ನಾವು. ಅಪ್ಪ ಆ ಫೋಟೋವನ್ನು ಹತ್ತಿರ ದೂರ ಹಿಡಿದು ನೋಡಿ, “ಕರಿ ಇದ್ದಂಗ ಐತಿ. ಎರಿನs ಇರಬೇಕು” ಎಂದು ತಾವೇ ತೀರ್ಮಾನ ಮಾಡಿ, “ನಿಮ್ಮವ್ವಗ ದಕ್ಕಲಾರದ್ದು ನನಗ ದಕ್ಕತೈತಿ ಅನಸ್ತೈತಿ” ಎಂದರು.

ಚೀಟಿಗಳು ನಮ್ಮ ಬ್ಲಾಕಿನ ತಳದಲ್ಲಿ ಖಾಲಿ ಬಿಟ್ಟ ವಾಯ್ಡ್ ಡೆಕ್‌ನ ಪೋಸ್ಟ್ ಡಬ್ಬಿಗೆ ಬಂದವು. ಎರಡು ಚೀಟಿ, ಒಂದು ಮೇಯರಿಗೆ, ಒಂದು ಸದಸ್ಯರಿಗೆ; ಜೊತೆಗೆ ವಾಪಸು ಕಳಿಸುವ ಲಕೋಟೆ. ಕ್ಲೆಮೆಂಟಿಯ ವೀಣಾ ಅವತ್ತೇ ಫೋನ್ ಮಾಡಿದಳು. ಅವಳು ಬೆಂಗಳೂರಿನವಳು, ನಮ್ಮ ಆಪ್ತರಲ್ಲಿ ಒಬ್ಬಳು. “ಸುಮಾ ಆಂಟಿ, ಬ್ಯಾಲೆಟ್ ರಿಸೀವ್ ಆಯ್ತು! ನನಗಂತೂ ಫುಲ್ ಎಕ್ಸೈಟ್ ಆಗ್ತಿದೆ. ಮಲ್ಲಿಕಾರ್ಜುನ ಅಂಕಲ್‌ಗೆ ಫಸ್ಟ್ ಪ್ರಿಫರೆನ್ಸ್ ಅಲ್ವಾ?” ಹೇಗೂ ದೀಪಾವಳಿ ಅಮಾವಾಸ್ಯೆ ಹತ್ತಿರ ಇತ್ತು. ಎಲ್ಲರೂ ಪೂಜೆಗೆ ನಮ್ಮ ಮನೆಗೇ ಬನ್ನಿ, ಚೀಟಿ ತನ್ನಿ, ಊಟ ಮಾಡಿ ಎಂದೆ.

ಆ ಸಂಜೆ ಮನೆ ತುಂಬಿತ್ತು. ಲಿಟಲ್ ಇಂಡಿಯಾದಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿದಿದ್ದೆ, ಎಣ್ಣೆಗಾಯಿ, ಕಡಬು ಮಾಡಿದ್ದೆ. ಹೊರಗಿನ ಹೊಗೆ ಸಾಲದೆಂದು ಒಳಗೆ ಊದಿನಕಡ್ಡಿಯ ಹೊಗೆ. ನಮ್ಮವರು ಬ್ಯಾಂಕಿನ ಮನುಷ್ಯ, ಕಟ್ಟುನಿಟ್ಟು ಜಾಸ್ತಿ. “ಒಬ್ಬರ ಚೀಟಿ ಇನ್ನೊಬ್ಬರು ಮುಟ್ಟೋ ಹಾಗಿಲ್ಲ, ನಿಮ್ಮ ನಿಮ್ಮ ಮೂಲೆಗೆ ಹೋಗಿ ಬರೆಯಿರಿ” ಎಂದು ಎಲ್ಲರನ್ನೂ ಚದುರಿಸಿದರು. ಒಬ್ಬರು ಬಚ್ಚಲ ಬಾಗಿಲ ಹತ್ತಿರ, ಒಬ್ಬರು ಫ್ರಿಜ್ಜಿನ ಮೇಲೆ, ವೀಣಾ ನಿಧಿಯ ಓದುವ ಮೇಜಿನ ಮೇಲೆ. ಮತದಾನ ಎಷ್ಟು ಶಾಸ್ತ್ರೋಕ್ತವಾಗಿ ನಡೆಯಿತೆಂದರೆ ನಮ್ಮ ಊರಿನ ಮತಗಟ್ಟೆಯಲ್ಲಿ ಕೂಡ ನಾನು ಹಾಗೆ ನೋಡಿರಲಿಲ್ಲ.

ಚೀಟಿಗಳು ಲಕೋಟೆಯೊಳಗೆ ಹೋದವು. ಇನ್ನೇನು ಅಂಟಿಸಬೇಕು, ಆಗ ಅಪ್ಪ ಪೂಜೆಯ ತಟ್ಟೆ ಹಿಡಿದು ದೇವರ ಕೋಣೆಯಿಂದ ಹೊರಗೆ ಬಂದರು.

“ಶುಭದ ಕೆಲಸಕ್ಕ ಹೊಂಟ ಕಾಗದ. ಬರಿಗೈಲೆ ಕಳಸ್ತಾರೇನ?”

ವಿಭೂತಿ ಗಟ್ಟಿಯನ್ನು ಕೆರೆದು ಪುಡಿ ಮಾಡಿ ಇಟ್ಟುಕೊಂಡಿದ್ದರು. ಒಬ್ಬೊಬ್ಬರ ಮುಂದೆ ಹೋಗಿ, ಮೊದಲು ಹಣೆಗೆ ಹಚ್ಚಿ, ಆಮೇಲೆ ಲಕೋಟೆಯ ಬಾಯಿ ತೆರೆಸಿ, ಒಳಗೆ ಒಂದು ಚಿಟಿಕೆ ಹಾಕಿದರು. ಚಿಟಿಕೆ ಎಂದರೆ ಅಪ್ಪನ ಚಿಟಿಕೆ, ಫಿಟ್ಟರನ ದಪ್ಪ ಬೆರಳುಗಳದ್ದು. ನಮ್ಮ ಮನೆಯಲ್ಲಿ ಇದು ಹೊಸತಲ್ಲ. ನನ್ನ ಮಾರ್ಕ್ಸ್ ಕಾರ್ಡು, ಅಣ್ಣನ ಮೊದಲ ಪಾಸ್‌ಪೋರ್ಟು, ನಿಧಿಯ ಹಾಲ್ ಟಿಕೆಟ್ಟು, ಎಲ್ಲವೂ ಆ ಚಿಟಿಕೆ ಕಂಡವೇ. ವೀಣಾ ಕೈಮುಗಿದು, “ಹಾಕಿ ತಾತಾ, ಬ್ಲೆಸಿಂಗ್ಸ್ ಬೇಕೇ ಬೇಕು” ಎಂದಳು. ಎಲ್ಲರೂ ಲಕೋಟೆಯನ್ನು ಕಣ್ಣಿಗೆ ಒತ್ತಿಕೊಂಡು ಅಂಟಿಸಿದರು. ಎಲ್ಲೋ ಯಾರೋ ವಿಷದ ಪುಡಿ ತುಂಬಿದ ಲಕೋಟೆ ಕಳಿಸಿ ಜನರನ್ನು ಕೊಂದ ಸುದ್ದಿ ಆಗಿನ್ನೂ ಹಳತಾಗಿರಲಿಲ್ಲ, ಪೇಪರಿನಲ್ಲಿ ನಾವೆಲ್ಲರೂ ಓದಿದ್ದೆವು. ಆದರೆ ವಿಭೂತಿಯನ್ನು ಪುಡಿ ಎಂದು ನೋಡುವ ಕಣ್ಣು ನಮ್ಮ ಯಾರಿಗೂ ಇರಲಿಲ್ಲ. ಮಾರನೆಯ ದಿನ ಲಕೋಟೆಗಳು ಅಂಚೆಗೆ ಬಿದ್ದವು.

ಅಣ್ಣನ ಫೋನ್ ಬಂದದ್ದು ಒಂದು ವಾರದ ಮೇಲೆ, ನಾನು ಒಬ್ಬಳೇ ಕಾಯಿಪಲ್ಲೆ ಹೆಚ್ಚುತ್ತಿದ್ದಾಗ. ಎಂದೂ ಇಲ್ಲದ ಮೆಲುದನಿಯಲ್ಲಿ ಮಾತಾಡಿದ.

“ಲಕೋಟಿನಾಗ ಏನ ಹಾಕಿದ್ರಿ?”

“ಏನಿಲ್ಲ ಅಣ್ಣಾ. ಅಪ್ಪ ವಿಭೂತಿ ಹಾಕಿದ್ರು.”

ಅಣ್ಣ ನಡೆದದ್ದನ್ನು ಹೇಳಿದ. ಚುನಾವಣಾ ಕಚೇರಿಯಲ್ಲಿ ಅಂಚೆ ವಿಂಗಡಿಸುತ್ತಿದ್ದ ಹುಡುಗಿಯ ಮೇಜಿನ ಮೇಲೆ ಸಿಂಗಪುರದ ಲಕೋಟೆಯೊಂದರಿಂದ ಬಿಳಿ ಪುಡಿ ಉದುರಿತ್ತು. ಅವಳು ಕಿರುಚಿಕೊಂಡಿದ್ದಾಳೆ. ಕಟ್ಟಡ ಖಾಲಿ ಮಾಡಿಸಿದ್ದಾರೆ. ಮುಖವಾಡ ಹಾಕಿಕೊಂಡವರು ಬಂದು ಬೀದಿಗೆ ಹಗ್ಗ ಕಟ್ಟಿದ್ದಾರೆ. ಆ ಹುಡುಗಿಯನ್ನು ಆಸ್ಪತ್ರೆಯಲ್ಲಿ ಒಬ್ಬಳನ್ನೇ ಬೇರೆ ಕೋಣೆಯಲ್ಲಿ ಇಟ್ಟಿದ್ದಾರೆ. ಅವಳಿಗೆ ಡ್ರೈವಿಂಗ್ ಕಲಿಸಿದವನೂ ಅಣ್ಣನೇ. ಲಕೋಟೆಗಳೆಲ್ಲ ಪರೀಕ್ಷೆಗೆ ಹೋಗಿವೆ. ಅಣ್ಣ ತಾನಾಗಿಯೇ ಪೊಲೀಸರ ಹತ್ತಿರ ಹೋಗಿ, ಕಳಿಸಿದವರು ನನ್ನ ಕಡೆಯವರು, ಇದು ಬೂದಿ ಇರಬೇಕು ಎಂದು ಹೇಳಿದ್ದಾನೆ. ಊರಿನ ಪೇಪರಿನಲ್ಲಿ ಮೊದಲ ಪುಟಕ್ಕೆ ಅವನ ಫೋಟೋ ಬಂದಿದೆ.

“ಕೂಡ್ರಿಸಿ ಹುಗಿಯೂ ವಿಷಯ ಇಷ್ಟ ದಿವಸ ಯಾರೂ ತಲಿಗೆ ಹಚಗೊಂಡಿರಲಿಲ್ಲ ಸುಮಾ. ಈಗ ಎಲ್ಲಾರೂ ಅದನ್ನs ಕೇಳಾಕತ್ತಾರ. ಪೆಟಗಿ ಇಲ್ಲದ ಹೆಣ, ಬಿಳಿ ಪುಡಿ, ಏನ ಮಂದಿ ನೀವು ಅಂತಾರ.” ಫೋನ್ ಇಡುವ ಮುಂಚೆ ಅಂದ, “ಅಪ್ಪಗ ಹೇಳಬ್ಯಾಡ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಹಾಗಾಗಿತ್ತು. ಆ ಹುಡುಗಿಯ ತಾಯಿಯ ಬಗ್ಗೆ ಯೋಚನೆ ಬಂತು, ಅವಳಿಗೆ ಹೇಗಾಗಿರಬೇಡ. ಅಪ್ಪ ಒಳಗೆ ಕೆಮ್ಮುತ್ತಾ ಯಾರದು ಫೋನು ಎಂದರು. ರಾಂಗ್ ನಂಬರ್ ಎಂದೆ.

ಮುಚ್ಚಿಟ್ಟದ್ದು ಬಹಳ ದಿನ ಉಳಿಯಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ ಬಾಗಿಲಿಗೆ ಇಬ್ಬರು ಅಧಿಕಾರಿಗಳು ಬಂದರು. ಆ ದೇಶದಿಂದ ವಿಚಾರಣೆ ಬಂದಿದೆ, ನಾಲ್ಕು ಮಾತು ಕೇಳಬೇಕು ಎಂದರು. ಒಬ್ಬ ಚೀನೀ, ಸ್ವಲ್ಪ ವಯಸ್ಸಾದವನು. ಇನ್ನೊಬ್ಬ ತಮಿಳು ಹುಡುಗ. ಇಬ್ಬರೂ ಮರ್ಯಾದಸ್ಥರು, ಬೂಟು ಹೊರಗೆ ಬಿಟ್ಟು ಒಳಗೆ ಬಂದರು. ಓದುವ ರಜೆಯಲ್ಲಿದ್ದ ನಿಧಿಯೇ ಅವರ ಜೊತೆ ಮಾತಾಡಿದಳು. ಅಪ್ಪ ಅವರನ್ನು ಅತಿಥಿಗಳೆಂದು ತಿಳಿದರು. ಒಳಗೆ ಹೋಗಿ, ದೇವರ ಮುಂದಿನ ವಿಭೂತಿ ಬಟ್ಟಲು ತಂದು, ಮುಗುಳುನಗುತ್ತಾ ತಮಿಳು ಹುಡುಗನ ಮುಂದೆ ಹಿಡಿದರು.

ಅವನು ಅದನ್ನು ನೋಡಿ ಕಣ್ಣು ಮುಚ್ಚಿ ತೆಗೆದ. “ಅಯ್ಯೋ, ತಿರುನೀರು” ಎಂದ, ವಿಭೂತಿಗೆ ತಮಿಳರ ಹೆಸರು ಅದು. ತನ್ನ ಹಿರಿಯನಿಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದ. ಬೆರಳಲ್ಲಿ ಸ್ವಲ್ಪ ತೆಗೆದುಕೊಂಡು ತನ್ನ ಹಣೆಗೆ ಹಚ್ಚಿಕೊಂಡ. ಹಿರಿಯವನು ಟಿಪ್ಪಣಿ ಪುಸ್ತಕ ಮುಚ್ಚಿದ. ಸಿಂಗಪುರದ ಮಟ್ಟಿಗೆ ವಿಚಾರಣೆ ಅಲ್ಲಿಗೆ ಮುಗಿಯಿತು. ಆದರೆ ಪುಡಿಯಲ್ಲಿ ಸ್ವಲ್ಪವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋಗಬೇಕಿತ್ತು, ಅದಕ್ಕೆ ಹಿರಿಯವನು ಕೈಗವಸು ಹಾಕಿಕೊಂಡ. ಅಪ್ಪ ಆ ಕೈಗವಸು ನೋಡಿದರು.

“ಏನಂತ ಕೇಳಾಕತ್ತಾರವ್ವಾ?” ಎಂದು ನಿಧಿಯನ್ನು ಕೇಳಿದರು.

ನಾನು ತಲೆ ಅಲ್ಲಾಡಿಸಿದೆ, ಹೇಳಬೇಡ ಎಂದು. ಅವಳು ನನ್ನ ಕಡೆ ನೋಡಲಿಲ್ಲ. ಸುಳ್ಳು ಹೇಳಲು ಬಾರದ ಹುಡುಗಿ, ಇಲ್ಲಿಯವರ ಹಾಗೆ ಮಾತಿನ ಕೊನೆಗೆ ಲಾ ಹಚ್ಚಿ ಹೇಳಿದಳು. “ಅಜ್ಜಾ, ನೀವು ಎನ್ವಲಪ್‌ನಲ್ಲಿ ವಿಭೂತಿ ಹಾಕಿದ್ರಲ್ಲಾ, ಅಲ್ಲಿಯವರು ಪಾಯ್ಸನ್ ಅಂತ ಅಂದ್ಕೊಂಡ್ರು. ಸ್ಕೇರ್ಡ್ ಆಗಿಬಿಟ್ರು. ಈಗ ಓಕೆ ಲಾ, ಇವರಿಗೆ ಗೊತ್ತಾಯ್ತು. ನಿಮ್ಮ ತಪ್ಪಲ್ಲ ಲಾ, ಅಜ್ಜಾ.”

“ವಿಷ ಅಂತ?” ಎಂದರು ಅಪ್ಪ. ಬಟ್ಟಲು ಹಿಡಿದ ಕೈ ಹಾಗೇ ಇತ್ತು. “ವಿಭೂತಿ, ವಿಷ ಅಂತ?”

ಆಮೇಲೆ ಅವರು ನನ್ನನ್ನು ಒಂದೇ ಮಾತು ಕೇಳಿದರು, ಮಲ್ಲುವಿಗೆ ಇದರಿಂದ ಏನಾಯಿತು ಎಂದು. ನಾನು ಹೇಳಿದೆ. ಪೂರ್ತಿ ಹೇಳಿದೆ.

ಮಾರನೆಯ ದಿನ ನಿಧಿಗೆ ಭೌತಶಾಸ್ತ್ರದ ಪರೀಕ್ಷೆ. ಬ್ಯಾಗು ಹಾಕಿಕೊಂಡು ಅಪ್ಪನ ಮುಂದೆ ಹಣೆ ಒಡ್ಡಿ ನಿಂತಳು. ಅಪ್ಪ ಕೈ ಎತ್ತಲಿಲ್ಲ. “ಯಾಕೆ ಅಜ್ಜಾ, ಟುಡೇ ಇಲ್ವಾ?” ಎಂದಳು. “ಬ್ಯಾಡವ್ವಾ. ಅಲ್ಲಿ ಯಾರರ ಹೆದರ್ಯಾರು” ಎಂದರು. ಅವಳು ಬಾಗಿಲಲ್ಲಿ ಒಂದು ನಿಮಿಷ ನಿಂತು, ತುಟಿ ಕಚ್ಚಿಕೊಂಡು ಲಿಫ್ಟಿನ ಕಡೆಗೆ ಓಡಿದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫಲಿತಾಂಶ ಬಂದಾಗ ಹೊಗೆ ಕಡಿಮೆಯಾಗಿ ಮಳೆ ಶುರುವಾಗಿತ್ತು. ಲಕೋಟೆಗಳಲ್ಲಿ ಇದ್ದದ್ದು ಬರೀ ಬೂದಿ ಎಂದು ಪ್ರಯೋಗಾಲಯ ಹೇಳುವಷ್ಟರಲ್ಲಿ ಎಣಿಕೆ ಮುಗಿದಿತ್ತು. ಆ ಹುಡುಗಿ ಏನೂ ಆಗದೆ ಮನೆಗೆ ಬಂದಿದ್ದಳು. ಪೇಪರಿನವರು ಅದನ್ನೂ ಬರೆದರಂತೆ, ಒಳಗಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಬೇಕರಿಯ ಮುದುಕ ಸೋತ, ಮೇಯರಮ್ಮ ಉಳಿದಳು. ಅಣ್ಣ ಬಹಳ ಸಣ್ಣ ಅಂತರದಲ್ಲಿ ಸೋತ. ನಮ್ಮ ಮತಗಳು ಸೇರಿದ್ದರೆ ಗೆಲ್ಲುತ್ತಿದ್ದನೋ ಏನೋ. ಆದರೆ ಅವನು ಕಳೆದುಕೊಂಡದ್ದು ನಮ್ಮ ಮತಗಳನ್ನಷ್ಟೇ ಅಲ್ಲ. ಬಾಗಿಲು ತೆರೆದು ಕಾಫಿ ಕೊಟ್ಟ ಮನೆಗಳವರು ಕಡೆಯ ವಾರ ಬಾಗಿಲು ತೆಗೆಯಲಿಲ್ಲ ಎಂದು ಅಣ್ಣನೇ ಹೇಳಿದ.

ಅಪ್ಪ ಫೋನ್ ಕೇಳಿದರು. ನಾನು ಸ್ಪೀಕರಿಗೆ ಹಾಕಿ ಅವರ ಮುಂದೆ ಇಟ್ಟೆ.

“ಮಲ್ಲು.”

“ಅಪ್ಪಾ, ಇದು ನಿಮ್ಮಿಂದ ಆದದ್ದಲ್ಲ. ಮುಂದಿನ ಸಲ ಮತ್ತ ನಿಲ್ಲತೀನಿ. ನಾ ಬಿಡಾವ ಅಲ್ಲ.”

“ನೀ ಬಿಡಾವ ಅಲ್ಲ ಅಂತ ಗೊತ್ತೈತಿ. ಅದಕ್ಕs ಹೇಳಾಕತ್ತೀನಿ ಕೇಳು. ಆ ಜಾಗಾ ಬ್ಯಾಡ. ಯಾವ ಜಾಗಾನೂ ಬ್ಯಾಡ. ನನ್ನ ಸುಟ್ಟುಬಿಡ್ರಿ.”

“ಅಪ್ಪಾ, ಏನ ಮಾತ ಅದು! ನಮ್ಮ ಮನಿತನದಾಗ ಯಾರನ್ನ ಸುಟ್ಟಾರ?”

“ಜಾಗಾನ ಇಲ್ಲದಾವನ್ನ ಯಾರೂ ಎಬ್ಬಸಂಗಿಲ್ಲ” ಎಂದರು ಅಪ್ಪ. “ಸುಮಾನೂ ಕೇಳಾಕತ್ತಾಳ. ಇಬ್ಬರೂ ನೆಪ್ಪಿಡ್ರಿ.” ಮತ್ತೆ ಕಿಟಕಿಯ ಕಡೆ ತಿರುಗಿ ಕೂತರು. ಗಾಡಿ ಹೋಯಿತು. ಅದರ ಬಗ್ಗೆ ಏನೂ ಅನ್ನಲಿಲ್ಲ.

ಅವರು ಮರುವರ್ಷ ಶಿವರಾತ್ರಿ ಕಾಣಲಿಲ್ಲ. ಹೊಗೆಗೆ ಕೆಟ್ಟ ಎದೆ ಸುಧಾರಿಸಲೇ ಇಲ್ಲ. ಅಣ್ಣ ಬಂದ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾವಿಬ್ಬರೂ ಜಗಳ ಆಡಿದೆವು, ಅಪ್ಪ ಒಳಗೆ ತಣ್ಣಗಾಗಿ ಮಲಗಿದ್ದಾಗ. “ಅದು ನೊಂದು ಆಡಿದ ಮಾತು, ಜೀವಮಾನ ಪೂರ್ತಿ ಅಪ್ಪ ಬಯಸಿದ್ದು ಏನಂತ ನಿನಗ ಗೊತ್ತಿಲ್ಲೇನ?” ಎಂದು ಅಣ್ಣ. “ಇಬ್ಬರಿಗೂ ಕೇಳಿಸಿ ಹೇಳ್ಯಾರ, ಹೆಂಗ ಮೀರೂದು?” ಎಂದು ನಾನು. ಹೂಳುವುದಾದರೆ ಎಲ್ಲಿ? ಇಲ್ಲಿ ಹೂಳಿದರೆ ಒಂದು ದಿನ ತೆಗೆಯುತ್ತಾರೆ. ಆಸ್ಟ್ರೇಲಿಯಾಕ್ಕೆ ಒಯ್ದರೆ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಊರಿಗೆ ಒಯ್ದರೆ ಅದೇ ರಸ್ತೆ. ಕಡೆಗೆ ಇಬ್ಬರೂ ಸುಸ್ತಾಗಿ ಬೆಂಚಿನ ಮೇಲೆ ಕೂತೆವು. ಮಂಡಾಯಿಯ ಚಿತಾಗಾರದಲ್ಲಿ ಸುಟ್ಟೆವು. ಅಂಗೈಯ ಲಿಂಗವನ್ನು ಅವರ ಜೊತೆಗೇ ಬಿಟ್ಟೆವು. ಊರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ, “ನಮ್ಮ ಮನಿತನದಾಗ ಹುಟ್ಟಿ ಅಪ್ಪನ್ನ ಸುಟ್ರ್ಯಾ?” ಎಂದು ಕೇಳಿದ. ಸುಟ್ಟೆವು ಎಂದೆ. ಬೇರೆ ಏನು ಹೇಳಲಿ? ಅಪ್ಪ ಆ ಮಾತನ್ನು ಮನಸ್ಸಿನಿಂದ ಹೇಳಿದರೋ, ನೋವಿನಿಂದ ಹೇಳಿದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅಣ್ಣ ಬಿಡಲಿಲ್ಲ. ಮುಂದಿನ ಚುನಾವಣೆಗೆ ಮತ್ತೆ ನಿಂತ. ಅಷ್ಟು ಹೊತ್ತಿಗೆ ಬೂಮು ಕುಸಿದು ನಾವೆಲ್ಲ ಅಲ್ಲಿಯ ಫ್ಲ್ಯಾಟು ಮಾರಿದ್ದೆವು, ಸಿಂಗಪುರದಿಂದ ಒಂದು ಮತವೂ ಹೋಗಲಿಲ್ಲ. ಗೆದ್ದ. ಬೇಕರಿಯ ಮುದುಕನೂ ಗೆದ್ದ. ಒಂದು ಮಧ್ಯಾಹ್ನ ನಾನು ಕ್ಲೆಮೆಂಟಿಯಲ್ಲಿ ವೀಣಾಳ ಮನೆಯಿಂದ ಎಂಆರ್‌ಟಿ ನಿಲ್ದಾಣಕ್ಕೆ ನಡೆದುಬರುತ್ತಿದ್ದಾಗ ಅಣ್ಣನ ಫೋನ್ ಬಂತು.

“ಜಾಗಾ ಸಿಕ್ತವಾ ಸುಮಾ. ಈಗ ಸಭಾದಾಗ ಪಾಸ್ ಆತು. ಪೆಟಗಿ ಬ್ಯಾಡ, ಕೂಡ್ರಿಸಬಹುದು. ಎಂದೂ ಅಗಿಯೂದಿಲ್ಲಂತ ಬರದಾರ.”

ದಾರಿಯ ಬದಿಗೆ ನಿಂತೆ. ಜನ ನನ್ನನ್ನು ದಾಟಿ ದಾಟಿ ಹೋಗುತ್ತಿದ್ದರು. ಅಣ್ಣ ಅಳುತ್ತಿದ್ದ. ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸುತ್ತಿತ್ತು.

“ಏನರ ಅನ್ನವಾ” ಎಂದ.

“ಏನ ಅನ್ಲಿ ಅಣ್ಣಾ. ಹೊಟ್ಟಿ ಉರಿಯಾಕತ್ತೈತಿ.”

“ನನಗೂ” ಎಂದ. ಸ್ವಲ್ಪ ಸುಧಾರಿಸಿಕೊಂಡು, “ಸಮುದ್ರದ ಕಡಿಗಿನ ಮೂಲಿ. ಅಲ್ಲಿ ನಾ ಕುಂದರತೀನಿ ಇನ್ನ. ಬಾಜೂಕ ನಿನಗೂ ಒಂದ ಹಿಡದಿಡ್ಲೇನ?”

“ಅಪ್ಪ ಇಲ್ಲದ ಜಾಗಾ ನನಗ್ಯಾಕ ಅಣ್ಣಾ” ಎಂದೆ. ಅವನು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.